ಇಂದ್ರಾಬಾಯಿ ಓದಿದ ಬೋರ್ಡು

ಇಂದ್ರಾಬಾಯಿ ಹಗ್ಗ ಎಳೆದರು. ಬೋರ್ಡಿನ ಮೇಲಿನ ಪರದೆ ಸರಿಯಿತು. ಅವರ ಗಂಡ ಸಿದ್ದಲಿಂಗಪ್ಪನವರು ಕುರ್ಚಿಯ ತುದಿಗೆ ಬಂದು ಕುಳಿತರು. ಈ ಗಳಿಗೆಗಾಗಿಯೇ ಅವರು ಮುಂಬೈಯ ದಹಿಸರಿನಲ್ಲಿ ಇಡೀ ಡಯಾಲಿಸಿಸ್ ಕೇಂದ್ರ ಕಟ್ಟಿಸಿದರು ಎಂದರೆ ಯಾರೂ ನಂಬಲಿಕ್ಕಿಲ್ಲ. ಬಡವರಿಗೆ ಉಪಕಾರವಾಗಲಿ ಎಂಬುದೂ ಇತ್ತು, ಸುಳ್ಳಲ್ಲ. ಆದರೆ ಒಳಗಿನ ಆಸೆಯೇ ಬೇರೆ.

ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಒಮ್ಮೆ ಕೇಳಬೇಕು, ಅಷ್ಟೇ! ಧಾರಾವಿಯ ಓಣಿಗಳಲ್ಲಿ ಹಳೆಯ ಪ್ಲಾಸ್ಟಿಕ್ ಡಬ್ಬಿ ಆರಿಸುವಾಗ ಕನ್ನಡದವನೆಂದು ಮರಾಠಿ ಜನರಿಂದ "ಏ ಕಾನಡಿ" ಎನ್ನಿಸಿಕೊಂಡ ಮನುಷ್ಯ, ಭಾಂಡುಪಿನಲ್ಲಿ ಬಕೆಟ್ ಕಾರ್ಖಾನೆ ಹಾಕಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ಈಗ ಸಿದ್ದಲಿಂಗಪ್ಪ ಸೇಟ್. ಶಾಲೆಯ ಗೋಡೆ, ಆ್ಯಂಬುಲೆನ್ಸಿನ ಬಾಗಿಲು, ಕನ್ನಡ ಸಂಘದ ಫ್ಯಾನಿನ ರೆಕ್ಕೆ, ಎಲ್ಲಿ ನೋಡಿದರೂ ಅವರ ಹೆಸರೇ. ಮನೆಯಲ್ಲಿ ಮಾತ್ರ "ಏನ್ರಿ", "ಇಲ್ಲಿ ಕೇಳ್ರಿ"! ಮದುವೆಯಲ್ಲಿ ಎಲ್ಲ ಮದುಮಗಳಂದಿರಂತೆ ಒಡಪು ಹಾಕಿ, ಪ್ರಾಸದ ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಒಮ್ಮೆ ಹೇಳಿದ್ದರಂತೆ. ಬಾಜಾಬಜಂತ್ರಿಯ ಗದ್ದಲದಲ್ಲಿ ಮದುಮಗನಿಗೆ ಅದೂ ಕೇಳಿಸಿರಲಿಲ್ಲ. ಹೋದ ವರ್ಷ ಹೃದಯದ ಆಪರೇಷನ್ ಆದ ಮೇಲಂತೂ ಆಸೆ ಹಟವಾಗಿತ್ತು.

ಅದಕ್ಕೇ ಈ ಹೂಟ. ಕೇಂದ್ರಕ್ಕೆ ಹೆಂಡತಿಯ ಹೆಸರಿಡಿಸಿದ್ದರು. ಈ ಊರಿನ ರಿವಾಜಿನಂತೆ ಹೆಂಡತಿಯ ಹೆಸರಿನ ಬೆನ್ನಿಗೆ ಗಂಡನ ಹೆಸರು ಬಂದೇ ಬರುತ್ತದಲ್ಲ! ಬೋರ್ಡನ್ನು ಆಕೆಯಿಂದಲೇ ಓದಿಸಬೇಕೆಂದು ಸಂಘದ ಕಾರ್ಯದರ್ಶಿ ಶಶಿಕಾಂತನಿಗೂ ಹೇಳಿಟ್ಟಿದ್ದರು.

ಶಶಿಕಾಂತ ಮೈಕನ್ನು ಇಂದ್ರಾಬಾಯಿಯ ಕೈಗೆ ಕೊಟ್ಟ. "ಅಮ್ಮಾ, ಜೋರಾಗಿ ಓದಿ."

"ಇಂದ್ರಾಬಾಯಿ..." ಎಂದು ಅವರು ನಾಚಿ ಸೆರಗು ಸರಿಮಾಡಿಕೊಂಡರು. ಸಿದ್ದಲಿಂಗಪ್ಪನವರು ಉಸಿರು ಬಿಗಿಹಿಡಿದರು. "...ಡಯಾಲಿಸಿಸ್ ಕೇಂದ್ರ!"

ಸಭೆ ಘೊಳ್ಳೆಂದಿತು.

"ನಡುವೆ ಒಂದು ಹೆಸರು ಬಿಟ್ಟುಹೋಯ್ತಲ್ಲಮ್ಮಾ?" ಎಂದ ಶಶಿಕಾಂತ.

"ಅಕ್ಷರ ಭಾಳ ಸಣ್ಣ ಅವಪಾ, ಕಾಣವಲ್ವು."

ಗೇಣುದ್ದದ ಅಕ್ಷರಗಳು! ಹೆಂಗಸರ ಸಾಲಿನಿಂದ ಯಾರೋ ಕೂಗಿದರು: "ಒಡಪು ಹಾಕಿ ಹೇಳ್ರಿ ಕಾಕೂ!" ಅದಕ್ಕೇನೂ ಇಂದ್ರಾಬಾಯಿ ಹಿಂಜರಿಯಲಿಲ್ಲ.

"ಧಾರಾವ್ಯಾಗ ಡಬ್ಬಿ ತೊಳದ್ವಿ ಕೂಡಿ ದಿನಾ,
ಭಾಂಡುಪಿನ್ಯಾಗ ಕಟ್ಟ್ಯಾರ ದೊಡ್ಡ ಕಾರ್ಖಾನಾ,
ಕೇಳಿದವರಿಗೆಲ್ಲ ಮಾಡ್ತಾರ ದಾನಾ,
ನಾ ಸೀರಿ ಕೇಳಿದ್ರ ಮಾತ್ರ ಬಿಗುಮಾನಾ —
ನಮ್ಮ ಮನಿಯವರು!"

ಚಪ್ಪಾಳೆಯೋ ಚಪ್ಪಾಳೆ. ಸಿದ್ದಲಿಂಗಪ್ಪನವರಿಗೆ ನಗುವೂ ಬಂತು, ಅಳುವೂ ಬಂತು. ಎದ್ದು ಹೋಗಿ ಹೆಂಡತಿಯ ಕಿವಿಯ ಹತ್ತಿರ ಬಾಗಿದರು.

"ಒಂದ್ ಸಲ ಅಂದ್ರ ನಿನ್ನ ಗಂಟೇನ ಹೋಗತದ? ನಾ ಸತ್ತ ಮ್ಯಾಲ ಹೇಳ್ತೀಯೇನು?"

ಇಂದ್ರಾಬಾಯಿಯ ಮುಖದ ನಗು ಅಳಿಸಿಹೋಯಿತು. ಕೈಯಲ್ಲಿ ಮೈಕು ಇದೆ ಎಂಬುದನ್ನೂ ಮರೆತು ಅವರು ಗದರಿದ್ದು ಇಡೀ ಸಭೆಗೆ ಕೇಳಿಸಿತು.

"ಬಿಡ್ತು ಅನ್ರಿ ಮೊದಲ! ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತದ ಅಂತ ನಮ್ಮವ್ವ ಹೇಳ್ಯಾಳ. ಖರೇನೋ ಸುಳ್ಳೋ, ನನಗೇನ ಗೊತ್ತು? ಇಡೀ ಮುಂಬೈ ನಿಮ್ಮ ಹೆಸರು ಹೇಳ್ಲಿ, ನನಗೂ ಸಂತೋಷನ ಅದ. ನಿಮ್ಮನ್ನ ಉಳಸ್ಕೊಳ್ಳಾಕ ಒಬ್ಬಾಕಿಯಾದ್ರೂ ಸುಮ್ಮನಿರಬೇಕಲ್ರಿ!"