ಜನರಿಲ್ಲದ ಪಾರ್ಕು

"ಇನ್ನೂ ಇನ್ನೂರು ಜನಾನ ತೆಗ್ದು ಹಾಕು ಕಣೇ, ಸ್ಪೀಡಾಗುತ್ತೆ," ಎಂದು ಸುಬ್ಬಕೃಷ್ಣ ಬೆನ್ನ ಹಿಂದೆ ನಿಂತು ಹೇಳಿದಾಗ ಕೌಸಲ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದದ್ದು ಒಂದು ಥೀಮ್ ಪಾರ್ಕು. ಹೊಸ ಗೇಮೊಂದರ ಡೆಮೊ. ಗೇಮು ತಡವರಿಸುತ್ತಿದೆಯೆಂದು ಗಂಡನ ಮಾತು ಕೇಳಿಯೇ ಬೆಳಗಿನಿಂದ ಪಾರ್ಕಿನ ಜನರನ್ನು ಕಳಿಸಿದ್ದಳು, ಮರಗಳನ್ನು ಕಿತ್ತಿದ್ದಳು, ನೆರಳು ಆಫ್ ಮಾಡಿದ್ದಳು, ಕಾರಂಜಿ ನಿಲ್ಲಿಸಿದ್ದಳು. ಬಟಾಬಯಲಿನಲ್ಲಿ ಉಳಿದಿದ್ದ ಜೈಂಟ್ ವ್ಹೀಲ್ ಈಗಲೂ ನಿಂತು ನಿಂತು ತಿರುಗುತ್ತಿತ್ತು. "ಆಡೀ ಆಡೀ ಕಂಪ್ಯೂಟರ್ ಹಾಳ್ ಮಾಡ್ದೆ," ಎಂದು ಅವನು ಬೇರೆ ಸೇರಿಸಿದ.

ಅದನ್ನು ಜೋಡಿಸಿಕೊಟ್ಟಿದ್ದ ಗುಬ್ಬಿಯ ಅಂಗಡಿಯ ರಘುನಂದನನಿಗೆ ಫೋನ್ ಮಾಡಿ ಕೌಸಲ್ಯ ದಬಾಯಿಸಿದಳು. "ಮೇಡಂ, ಬಿಸಿಯಾದ್ರೆ ಸ್ಲೋ ಆಗುತ್ತೆ. ಸಿಪಿಯು ಮುಂದೆ ಗಾಳಿ ಹೋಗೋ ಜಾಲರಿ ಕಟ್ಕೊಂಡಿದ್ಯಾ ನೋಡಿ," ಎಂದ.

ಕಂಪ್ಯೂಟರ್ ಆಫ್ ಮಾಡಿ ಮೇಜಿನಡಿ ಬಗ್ಗಿ ನೋಡಿದಳು. ಜಾಲರಿಯಲ್ಲಿ ಒಂದು ತೂತೂ ಕಾಣುತ್ತಿರಲಿಲ್ಲ. ಮೂರು ಪಟ್ಟೆ ಗಂಧ, ಅದರ ಮೇಲೆ ಅಂಗೈಯಗಲ ಕುಂಕುಮ ಒಣಗಿ ಗಾರೆಯಂತೆ ಕೂತಿತ್ತು. ಆಯುಧಪೂಜೆಯ ದಿನ ಅವಳು ಮೂಲೆಯಲ್ಲಿ ಒಂದೇ ಒಂದು ಬೊಟ್ಟು ಇಟ್ಟಿದ್ದಳು. "ದೇವರ ಕೆಲಸದಲ್ಲೂ ಜಿಪುಣತನಾನೇನೇ?" ಎಂದು ಗದರಿ, ಗಂಧದ ಬಟ್ಟಲು ಕಸಿದುಕೊಂಡು ಬಳಿದದ್ದು ಈ ಮನುಷ್ಯ!

ಸುಬ್ಬಕೃಷ್ಣನೂ ಬಗ್ಗಿ ನೋಡಿದ. ನೋಡಿದವನು ಮೆಲ್ಲಗೆ ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ ಹೊರಟ್ರಿ?" ಕೌಸಲ್ಯ ಹಲ್ಲುಜ್ಜುವ ಹಳೇ ಬ್ರಷ್ಷೊಂದನ್ನು ತಂದು ಅವನ ಕೈಗಿಟ್ಟಳು. "ಕೂತ್ಕೊಂಡು ಒಂದೊಂದು ತೂತೂ ಉಜ್ಜಿ. ನೀವು ಓಡಿಸಿದ ಜನಾನೆಲ್ಲ ನಾನು ವಾಪಸ್ ಕರೀಬೇಕು."