ಒಕ್ಕಲಿನ ರಾತ್ರಿಯ ನಿದ್ದೆ

ಮೂವತ್ತು ವರ್ಷ ಬೀಡಿ ಕಟ್ಟಿದೆ. ಮುದುಕಿಯಾದ ಮೇಲೆ ಮಲಗಲಿಕ್ಕೆಂದು ಕಂಪನಿಯವರು ನನ್ನ ನಿದ್ದೆಯಲ್ಲಿ ದಿನಾ ಮೂರು ಗಂಟೆ ಹಿಡಿದು ಪಿ.ಎಫ್.ಗೆ ಹಾಕುತ್ತಿದ್ದರು. ಈಗ ಬಾಡಿಗೆ ಮನೆಯಿಂದ ಎಬ್ಬಿಸಿದ್ದಾರೆ. ನನಗೆ ಉಳಿದಿರುವ ನಿದ್ದೆ ಆ ಪಿ.ಎಫ್.ನದ್ದು ಮಾತ್ರ; ಅಷ್ಟೂ ಕೊಟ್ಟರೆ ಎರಡು ಕೋಣೆಯ ಮನೆ ಸಿಗುತ್ತದೆ. ಆಮೇಲೆ ಸಾಯುವವರೆಗೂ ಎಚ್ಚರ.

"ಒಂದು ರಾತ್ರಿಯದ್ದು ಬಿಡಿ ಸಾರ್," ಎಂದು ಪಿ.ಎಫ್. ಆಫೀಸಿನ ಗುಮಾಸ್ತರನ್ನು ಬೇಡಿಕೊಂಡೆ. "ಮನೆ ಒಕ್ಕಲಿನ ದಿನ ಯಜಮಾನಿ ಅಲ್ಲೇ ನಿದ್ದೆ ಮಾಡ್ಬೇಕಲ್ಲ? ಇಲ್ಲದಿದ್ರೆ ಮನೆ ನಮ್ಮದಾಗುದಿಲ್ಲ."

"ಮನೆಯೂ ಬೇಕು, ನಿದ್ದೆಯೂ ಬೇಕು ಅಂದ್ರೆ ಹೇಗೆ ಅಜ್ಜಿ? ಆ ಒಂದು ರಾತ್ರಿಗೆ ಸಾಲ ಮಾಡಿ. ಬಡ್ಡಿ ನಿಮ್ಮ ಮೊಮ್ಮಗಳ ನಿದ್ದೆಯಲ್ಲಿ ಹಿಡಿತೇವೆ."

ಪ್ರೇಕ್ಷಾ ನನ್ನ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದಳು.

"ಸಾಲ ಬೇಡ," ಎಂದು ಹೆಬ್ಬೆಟ್ಟು ಒತ್ತಿದೆ. "ಕಣ್ಣು ಮುಚ್ಚಿ ಬಿದ್ದುಕೊಳ್ತೇನೆ. ಮನೆಗೆ ಗೊತ್ತಾಗ್ಲಿಕ್ಕಿಲ್ಲ."