ಹಸಿರು ಚಪ್ಪಲಿ

ಫೋನಿನ ಪರದೆಯಲ್ಲಿ ಚೆನ್ ಅಜ್ಜಿ ಒಂದು ಜೊತೆ ಹಸಿರು ಚಪ್ಪಲಿ ಎತ್ತಿ ತೋರಿಸಿದಳು. "ತೊಳೆದಿಟ್ಟಿದ್ದೇನೆ. ರೂಮು ಕೇಳಿಕೊಂಡು ಇಬ್ಬರು ಬಂದಿದ್ದರು, ನೀನು ಬರುತ್ತೀಯೆಂದು ವಾಪಸ್ ಕಳಿಸಿದೆ. ಯಾವತ್ತು ಬರುತ್ತೀ?"

"ಚಪ್ಪಲಿ ಯಾಕವ್ವಾ ತೋರಿಸ್ತಾವ್ಳೆ ಆಯಮ್ಮ?" ಪಕ್ಕದಲ್ಲಿದ್ದ ಮರಿತಾಯಮ್ಮ ಮಗಳನ್ನು ಕೇಳಿದಳು.

"ಬೈತಿಲ್ಲ ಕಣವ್ವ. ಮನೆಯೊಳಗೆ ನಾನು ಆಕ್ಕೋತಿದ್ದ ಚಪ್ಪಲಿ. ವಾಪಸ್ ಬತ್ತೀನಿ ಅಂತ ಕಾಯ್ತಾವ್ಳೆ."

ಹೇಳುವಾಗಲೇ ಧನುಶ್ರೀಗೆ ಕಾರಣ ಹೊಳೆಯಿತು. ಹೊರಡುವಾಗ 'ಹೋಗ್ತೀನಿ' ಎನ್ನಬಾರದೆಂದು ಕೇಳಿಕೊಂಡೇ ಸೋಸಲೆಯಲ್ಲಿ ಬೆಳೆದವಳು ಅವಳು. ಭಾಷೆ ಕಲಿಯಲು ಚೀನಾಕ್ಕೆ ಹೋಗಿ ಈ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದ ಎರಡು ವರ್ಷವೂ ಕ್ಲಾಸಿಗೆ ಹೊರಟಾಗಲೆಲ್ಲ ಅವರ ಭಾಷೆಯಲ್ಲೇ 'ಹೋಗಿ ಬರ್ತೀನಿ' ಎನ್ನುತ್ತಿದ್ದಳು. ಮೊದಮೊದಲು ನಗುತ್ತಿದ್ದ ಅಜ್ಜಿ ಆಮೇಲಾಮೇಲೆ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಅನ್ನ ಮುಚ್ಚಿಡುತ್ತಿದ್ದಳು. ಕೊನೆಯ ದಿನ ಎರಡು ಸೂಟ್‌ಕೇಸ್ ಹಿಡಿದು ಬಾಗಿಲು ದಾಟುವಾಗಲೂ ಅದೇ ಮಾತು.

"ಸೋಮವಾರದಿಂದ ನಂಜನಗೂಡಲ್ಲಿ ಕೆಲ್ಸ ನಿಂಗೆ. ಬರಕ್ಕಿಲ್ಲ ಅಂತ ಏಳ್ಬುಡು. ಪಾಪ, ಯಾಕೆ ಕಾಯಿಸ್ತೀಯ."

ಧನುಶ್ರೀ ಚೀನೀ ಭಾಷೆಯಲ್ಲಿ ಬಿಡಿಸಿ ಹೇಳಿದಳು. ಹಾಗೆ ಹೇಳಿ ಹೊರಡುವುದು ನಮ್ಮೂರಿನ ರೂಢಿ, ಮಾತು ಕೊಟ್ಟದ್ದಲ್ಲ, ನಾನಿನ್ನು ಬರುವುದಿಲ್ಲ. ಅಜ್ಜಿ ತಲೆಯಾಡಿಸಿದಳು. ಚಪ್ಪಲಿಯನ್ನು ಒಂದು ಚೀಲಕ್ಕೆ ಹಾಕಿ ಗಂಟು ಕಟ್ಟತೊಡಗಿದಳು. ಅದನ್ನು ನೋಡಲಾಗದೆ ಧನುಶ್ರೀ ಫೋನಿಡಲು ಹೋದಳು. ಅವಳ ಬಾಯಿ ಅಭ್ಯಾಸದಂತೆ ಚೀನೀ ಭಾಷೆಯಲ್ಲಿ ಅದನ್ನೇ ಆಡಿಬಿಟ್ಟಿತು: "ಹೋಗಿ ಬರ್ತೀನಿ, ಅಜ್ಜಿ."

ಅಜ್ಜಿಯ ಕೈ ನಿಂತಿತು. ಗಂಟು ಬಿಚ್ಚಿ, ಚಪ್ಪಲಿಯನ್ನು ಮತ್ತೆ ಬಾಗಿಲ ಬಳಿ ಜೋಡಿಸಿಟ್ಟಳು.